ಮನೆ ನನ್ನದು, ನೆಲ ಯಾರದು?



ನೀವು ಸೊಲ್ಲಾಪುರಕ್ಕೆ ಬಜಾರಕ್ಕೋ ದವಾಖಾನೆಗೋ ಹೋಗಿರುತ್ತೀರಿ. ಅಲ್ಲಿ 'ಲಷ್ಕರ್' ಅನ್ನೋ ಭಾಗ ಇದೆ. 'ಸದರ ಬಜಾರ' ಅಂತ ಇನ್ನೊಂದು ಇದೆ. ಈ ಹೆಸರು ಯಾಕೆ ಬಂದವು? ಲಷ್ಕರ್ ಅಂದರೆ ಸೈನ್ಯ. ಸದರ ಬಜಾರ ಅಂದರೆ ದಂಡಿನ ದೊಡ್ಡ ಪೇಟೆ. 1818ರಲ್ಲಿ ಸೊಲ್ಲಾಪುರ ಇಂಗ್ಲಿಷರ ಕೈಸೇರಿತು. ಅವರ ದಂಡು ಇಲ್ಲಿ ಬೀಡುಬಿಟ್ಟಿತು. ದಂಡು ಹೋಯಿತು, ಹೆಸರು ಉಳಿಯಿತು. ಪಕ್ಕದ ಅಕ್ಕಲಕೋಟದಲ್ಲಿ ಮಾತ್ರ 1948ರ ತನಕ ರಾಜರ ಸಂಸ್ಥಾನ ಇತ್ತು.

ದಂಡಿಗಾಗಿ ಕಾದಿಟ್ಟ ನೆಲಕ್ಕೆ ಛಾವಣಿ ಅನ್ನುತ್ತಾರೆ. ಅಲ್ಲಿ ವ್ಯಾಪಾರಿಗಳು ಬಂದರು, ಮನೆ ಕಟ್ಟಿದರು. ಆಗ ಜಗಳ ಶುರುವಾಯಿತು. ಮನೆ ಕಟ್ಟಿದವ "ನನ್ನದು" ಅಂದ. ದಂಡಿನ ಸಾಹೇಬ "ಸರಕಾರದ್ದು" ಅಂದ.

1836ರಲ್ಲಿ ಕಂಪನಿ ಸರಕಾರ ಬಂಗಾಲದ ಸೈನ್ಯಕ್ಕೆ ಒಂದು ಹುಕುಂ ಹೊರಡಿಸಿತು. ಅದರ ಅರ್ಥ ಇಷ್ಟು: ಛಾವಣಿಯಲ್ಲಿ ಮನೆ ಕಟ್ಟಬಹುದು, ಆದರೆ ನೆಲ ಸರಕಾರದ್ದೇ. ಆ ನೆಲ ಮಾರುವಂತಿಲ್ಲ. ಬೇಕಾದಾಗ ಸರಕಾರ ಒಂದು ತಿಂಗಳ ನೋಟೀಸು ಕೊಟ್ಟು, ಪರವಾನಗಿ ಇದ್ದ ಕಟ್ಟಡದ ಬೆಲೆ ಕೊಟ್ಟು, ನೆಲ ವಾಪಸು ಪಡೆಯಬಹುದು. ಆ ಹುಕುಂ ಹಿಡಿದು ನಮ್ಮ ಕಾಲದಲ್ಲೂ ಸುಪ್ರೀಂ ಕೋರ್ಟಿನ ತನಕ ಖಟ್ಲೆ ನಡೆದಿವೆ. ಹಳೇ ಕಾಗದಕ್ಕೆ ಎಷ್ಟು ಬಲ ನೋಡಿರಿ!

ರಾಜರಿಗೂ ಈ ತೊಂದರೆ ತಪ್ಪಲಿಲ್ಲ. 1809ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು. ನೆಲ ಮೈಸೂರು ರಾಜ್ಯದ್ದು. 1831ರಲ್ಲಿ ಇಂಗ್ಲಿಷರು ಇಡೀ ರಾಜ್ಯದ ಆಡಳಿತವನ್ನೇ ತಮ್ಮ ಕೈಗೆ ತಗೊಂಡರು. 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ಆದರೆ ಬೆಂಗಳೂರಿನ ದಂಡಿನ ಭಾಗವನ್ನು, ಸುಮಾರು 13 ಚದರ ಮೈಲು, ತಮ್ಮಲ್ಲೇ ಇಟ್ಟುಕೊಂಡರು. ಒಂದೇ ಊರಿಗೆ ಎರಡು ಆಡಳಿತ! ಆ ಭಾಗ ಮೈಸೂರಿಗೆ ಮರಳಿದ್ದು 1947ರಲ್ಲಿ. ಅಂದರೆ 66 ವರ್ಷ ಕಾಯಬೇಕಾಯಿತು.

ಇದರಿಂದ ನಮಗೇನು ಪಾಠ? ಮನೆ ಬೇರೆ, ನೆಲ ಬೇರೆ. ಎರಡಕ್ಕೂ ಕಾಗದ ನೋಡಬೇಕು. ನಮ್ಮ ಕೇಂದ್ರದ ಒಬ್ಬ ತಾಯಿ ಮನೆಪಟ್ಟಿ ಕಟ್ಟಿದ ಪಾವತಿ ತೋರಿಸಿ, "ಜಾಗಾ ನಂದೇ ಅಲ್ಲೇನ್ರಿ?" ಅಂತ ಕೇಳಿದರು. ಪಾವತಿ ಅಂದರೆ ಕರ ಕಟ್ಟಿದ ಗುರುತು ಅಷ್ಟೇ. ಗ್ರಾಮ ಪಂಚಾಯತಿಯ ನಮೂನೆ 8 ಕೂಡ ಕರದ ಪಟ್ಟಿ. ಅದು ನೆಲದ ಒಡೆತನದ ಪತ್ರ ಅಲ್ಲ.

ಹೊಲ ಇದ್ದವರು ಸಾತ್‌ಬಾರಾ ಉತಾರ ತೆಗೆಸಿರಿ. 7ನೇ ನಮೂನೆಯಲ್ಲಿ ಯಾರ ಹೆಸರಿದೆ, ಎಷ್ಟು ಕ್ಷೇತ್ರ ಅಂತ ಓದಿರಿ. 'ಭೋಗವಟಾದಾರ ವರ್ಗ-2' ಅಂತ ಇದ್ದರೆ ಎಚ್ಚರ! ಆ ಹೊಲ ಮಾರಲು ಸರಕಾರದ ಪರವಾನಗಿ ಬೇಕು. ಉತಾರ ಮರಾಠಿಯಲ್ಲಿ ಇರುತ್ತದೆ. ಅಂಕಿ ನಿಮಗೆ ಬರುತ್ತವೆ. ಅಕ್ಷರ ತಿಳಿಯದಿದ್ದರೆ ಕೂಡಿ ಓದೋಣ, ಕೇಂದ್ರಕ್ಕೆ ತನ್ನಿರಿ. ಓದಿಸಿಕೊಳ್ಳದೆ ಹೆಬ್ಬಟ್ಟು ಒತ್ತಬೇಡಿರಿ.

ಕಠಿಣ ಶಬ್ದಗಳು
ಹುಕುಂ – ಆಜ್ಞೆ
ಖಟ್ಲೆ – ಕೋರ್ಟಿನ ವ್ಯಾಜ್ಯ
ಪರವಾನಗಿ – ಅನುಮತಿ

ಉತ್ತರ ಬರೆಯಿರಿ
1. ಲಷ್ಕರ್ ಅಂದರೆ ಏನು?
2. ಬೆಂಗಳೂರಿನ ದಂಡಿನ ಭಾಗ ಯಾವಾಗ ಮೈಸೂರಿಗೆ ಮರಳಿತು?
3. ನಿಮ್ಮ ಮನೆಯ ನೆಲ ಯಾರ ಹೆಸರಿನಲ್ಲಿದೆ? ಕಾಗದ ನೋಡಿ ಬರೆಯಿರಿ.