ಶೀತಪ್ರಾಂತದ ದ್ರಾಕ್ಷಿ ಬೇಸಾಯ: ಮೋಸೆಲ್ ಕಣಿವೆಯೂ ಅಲ್ಲಿನ ಬಳ್ಳಿಯ ಜಾತಿಗಳೂ

ದ್ರಾಕ್ಷಿಯ ಬಳ್ಳಿಯು ಬಿಸಿಲನ್ನು ಬಯಸತಕ್ಕದ್ದು. ಭೂಮಧ್ಯರೇಖೆಗೆ 13 ಡಿಗ್ರಿ ಉತ್ತರದಲ್ಲಿರುವ ಬೆಂಗಳೂರಿನ ಸುತ್ತಮುತ್ತ ಅದು ವರ್ಷದ ಯಾವ ತಿಂಗಳಲ್ಲಿಯೂ ಪೂರ್ತಿಯಾಗಿ ನಿದ್ರೆಹೋಗುವುದಿಲ್ಲ. ರೈತನು ಕತ್ತರಿಯಿಂದ ಸವರಿದಾಗಲೆಲ್ಲಾ ಹೊಸ ಚಿಗುರು ಹೊರಡುತ್ತದೆ. ಬೆಂಗಳೂರು ನೀಲಿ ಎಂಬ ಜಾತಿಯಿಂದ ವರ್ಷಕ್ಕೆ ಎರಡು ಫಸಲುಗಳನ್ನು ತೆಗೆಯುವುದೂ ಉಂಟು. ಇದೇ ಕುಲದ ಬಳ್ಳಿಯನ್ನು 50ನೆಯ ಡಿಗ್ರಿಯ ಸಮೀಪದಲ್ಲಿ, ವರ್ಷಕ್ಕೆ ಒಂದೇ ಫಸಲು, ಅದೂ ಹಣ್ಣಾಗುವುದೋ ಇಲ್ಲವೋ ಎಂಬ ಅನುಮಾನದಲ್ಲಿ ಬೆಳೆಯುವವರು ಜರ್ಮನಿ ದೇಶದ ಮೋಸೆಲ್ ಕಣಿವೆಯ ಒಕ್ಕಲಿಗರು. ಅಷ್ಟು ಚಳಿಯಲ್ಲಿ ಬಳ್ಳಿ ಬದುಕುವುದು ಹೇಗೆ, ಯಾವ ಜಾತಿ ಅಲ್ಲಿ ನಿಂತಿತು, ಯಾವುದು ಸೋತಿತು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ಥಳವೂ ನೆಲವೂ

ಮೋಸೆಲ್ ನದಿಯು ಫ್ರಾನ್ಸಿನ ವೋಸ್ಜ್ ಬೆಟ್ಟಗಳಲ್ಲಿ ಹುಟ್ಟಿ, ಲಕ್ಸೆಂಬರ್ಗಿನ ಎಲ್ಲೆಯನ್ನು ಸವರಿಕೊಂಡು ಜರ್ಮನಿಯೊಳಕ್ಕೆ ಬಂದು, ಟ್ರಿಯರ್ ನಗರವನ್ನು ದಾಟಿ, ಕೊಬ್ಲೆಂಜಿನಲ್ಲಿ ರೈನ್ ನದಿಯನ್ನು ಸೇರುತ್ತದೆ. ಸಾರ್ ಮತ್ತು ರೂವರ್ ಎಂಬುವು ಇದರ ಉಪನದಿಗಳು. ಇವುಗಳ ಕಣಿವೆಗಳು ಇನ್ನೂ ಚಳಿಯಾದವು. ಟ್ರಿಯರಿನಿಂದ ಕೆಳಕ್ಕೆ ನದಿಯು ಹಾವಿನಂತೆ ತಿರುತಿರುಗಿ ಹರಿಯುವುದರಿಂದ ಎರಡು ದಡಗಳ ಗುಡ್ಡಗಳೂ ಒಂದೊಂದು ತಿರುವಿನಲ್ಲಿ ಒಂದೊಂದು ದಿಕ್ಕಿಗೆ ಮುಖಮಾಡುತ್ತವೆ. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ದ್ರಾಕ್ಷಿಗೆ, ಉತ್ತರಕ್ಕೆ ಮುಖಮಾಡಿದ್ದು ಕಾಡಿಗೆ ಎಂಬುದು ಅಲ್ಲಿನ ಸಾಮಾನ್ಯ ನಿಯಮ.

ಇದಕ್ಕೆ ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ಅಕ್ಟೋಬರ್ ತಿಂಗಳ ನಡುವಿನಲ್ಲಿ, ಹಣ್ಣು ಬಲಿಯುವ ಕಾಲಕ್ಕೆ, ಸೂರ್ಯನು ನಡುಮಧ್ಯಾಹ್ನದಲ್ಲಿಯೂ ಅಲ್ಲಿ ದಿಗಂತದಿಂದ ಸುಮಾರು 31 ಡಿಗ್ರಿ ಮಾತ್ರ ಮೇಲೆ ಇರುತ್ತಾನೆ. ಸಮನೆಲದ ಮೇಲೆ ಆ ಬಿಸಿಲು ಓರೆಯಾಗಿ ಬಿದ್ದು, ನೇರವಾಗಿ ಬೀಳುವ ಬಿಸಿಲಿನ ಅರ್ಧದಷ್ಟು ಶಾಖವನ್ನು ಮಾತ್ರ ಕೊಡುತ್ತದೆ. ದಕ್ಷಿಣಕ್ಕೆ ವಾಲಿದ 45 ಡಿಗ್ರಿಯ ಇಳಿಜಾರಿನ ಮೇಲಾದರೋ ಅದೇ ಬಿಸಿಲು ಹೆಚ್ಚುಕಡಮೆ ನೇರವಾಗಿ ಬೀಳುತ್ತದೆ. ಹೀಗೆ ಗುಡ್ಡದ ಕಡಿದಾದ ಮೈಯೇ ಆ ದೇಶದವರಿಗೆ ದೊರೆತ ಎರಡನೆಯ ಸೂರ್ಯ. ಬ್ರೆಮ್ ಎಂಬ ಗ್ರಾಮದ ಕಾಲ್ಮೋಂಟ್ ಗುಡ್ಡದಲ್ಲಿ ಇಳಿಜಾರು ಕೆಲವೆಡೆ 60 ಡಿಗ್ರಿಯನ್ನೂ ಮೀರಿದೆ. ಅಲ್ಲಿ ಕೆಲಸಗಾರನು ನಿಲ್ಲುವುದೇ ಒಂದು ವಿದ್ಯೆ. ವೇಲೆನ್ ಗ್ರಾಮದವರು 1842ರಲ್ಲಿ ತಮ್ಮ ತೋಟದ ನಡುವೆ ಬಂಡೆಯ ಮೇಲೆ ನೆರಳುಗಡಿಯಾರವೊಂದನ್ನು ಕಟ್ಟಿಸಿಕೊಂಡರು. ದಿನವೆಲ್ಲಾ ಬಿಸಿಲು ಬೀಳುವ ತಾಣದಲ್ಲಿಯೇ ಅಂಥ ಗಡಿಯಾರಕ್ಕೆ ಕೆಲಸ. ಆದ್ದರಿಂದ ಒಳ್ಳೆಯ ತೋಟಕ್ಕೆ ಅದೇ ಗುರುತೂ ಆಯಿತು.

ನೆಲವು ಸ್ಲೇಟು ಕಲ್ಲಿನದು, ಮಕ್ಕಳು ಬಳಪದಿಂದ ಬರೆಯುವ ಹಲಗೆಯನ್ನು ಮಾಡುವಂಥ ಪದರಪದರಾದ ಕಲ್ಲು. ಮಣ್ಣೆಂಬುದು ಅಲ್ಲಿ ಅತ್ಯಲ್ಪ. ಒಡೆದ ಸ್ಲೇಟಿನ ಚೂರುಗಳೇ ಮೇಲೆಲ್ಲಾ ಹರಡಿಕೊಂಡಿರುತ್ತವೆ. ಕಪ್ಪು ಬಣ್ಣದ ಈ ಕಲ್ಲು ಹಗಲು ಕಾದು, ರಾತ್ರಿ ಆ ಕಾವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಮಳೆಯ ನೀರು ಚೂರುಗಳ ಸಂದಿನಿಂದ ಬೇಗನೆ ಇಳಿದುಹೋಗುವುದರಿಂದ ಬೇರು ಕೊಳೆಯುವುದಿಲ್ಲ. ಬೇರುಗಳೂ ನೀರನ್ನು ಅರಸುತ್ತಾ ಬಂಡೆಯ ಸೀಳುಗಳಲ್ಲಿ ಆಳಕ್ಕೆ ಇಳಿಯುತ್ತವೆ. ಕೆಳಗಿನ ನದಿಯು ಚಳಿಯ ಕಠಿಣತೆಯನ್ನು ಸ್ವಲ್ಪ ತಗ್ಗಿಸುತ್ತದೆ.

ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸುವ ಪದ್ಧತಿ ಅಲ್ಲಿಲ್ಲ. ಹಳೆಯ ಕ್ರಮದಂತೆ ಒಂದೊಂದು ಬಳ್ಳಿಗೆ ಒಂದೊಂದು ಗೂಟವನ್ನು ನೆಟ್ಟು, ಎರಡು ಕಡ್ಡಿಗಳನ್ನು ಎರಡು ಕಡೆಗೂ ಬಾಗಿಸಿ, ಅರಳಿ ಎಲೆಯ ಆಕಾರ ಬರುವಂತೆ ಕಟ್ಟುತ್ತಾರೆ. ಇದರಿಂದ ಎಲ್ಲ ಎಲೆಗಳಿಗೂ ಬಿಸಿಲು ಗಾಳಿ ತಗಲುವುದಲ್ಲದೆ, ಆಳು ಗುಡ್ಡದ ಮೇಲೆ ಯಾವ ದಿಕ್ಕಿಗಾದರೂ ಬಳ್ಳಿಗಳ ನಡುವೆ ನಡೆದಾಡಬಹುದು.

ಬಳ್ಳಿಯ ಜಾತಿಗಳು

ಈ ಕಣಿವೆಯಲ್ಲಿ ದ್ರಾಕ್ಷಿ ಬೇಸಾಯವು ರೋಮನರ ಕಾಲದಿಂದ ನಡೆದುಬಂದಿದೆ. ನಾಲ್ಕನೆಯ ಶತಮಾನದಲ್ಲಿ ಔಸೋನಿಯಸ್ ಎಂಬ ಲ್ಯಾಟಿನ್ ಕವಿಯು ಈ ನದಿಯ ಮೇಲೆ ಒಂದು ಕಾವ್ಯವನ್ನೇ ಬರೆದನು. ಪೀಸ್ಪೋರ್ಟ್ ಗ್ರಾಮದಲ್ಲಿ ರೋಮನರ ದ್ರಾಕ್ಷಿಯ ಗಾಣದ ಮನೆ 1985ರಲ್ಲಿ ನೆಲದಡಿಯಿಂದ ದೊರೆಯಿತು. ಬಹುಕಾಲದವರೆಗೆ ಹೆಚ್ಚಾಗಿ ಹಬ್ಬಿದ್ದ ಎಲ್ಬ್ಲಿಂಗ್ ಜಾತಿಯು ಹೇರಳವಾಗಿ ಕಾಯುತ್ತದೆ. ರಸವು ಮಾತ್ರ ತೆಳು, ಹುಳಿ ಹೆಚ್ಚು. ಇಂದಿಗೂ ಸಾರ್ ಸಂಗಮಕ್ಕಿಂತ ಮೇಲಿನ ಸುಣ್ಣಕಲ್ಲಿನ ನೆಲದಲ್ಲಿ ಇದನ್ನು ಬೆಳೆದು, ನೊರೆಯುಕ್ಕುವ ಮದ್ಯಕ್ಕೆ ಉಪಯೋಗಿಸುತ್ತಾರೆ.

ಕಣಿವೆಗೆ ಕೀರ್ತಿ ತಂದುಕೊಟ್ಟದ್ದು ರೀಸ್ಲಿಂಗ್. ಇದರ ಹೆಸರು 1435ರಲ್ಲಿ ರೈನ್ ಸೀಮೆಯ ರೂಸೆಲ್ಸ್‌ಹೈಮಿನ ಒಂದು ಲೆಕ್ಕದ ಕಡತದಲ್ಲಿ ಮೊದಲು ಕಾಣಿಸುತ್ತದೆ. ಇದರ ಕಡ್ಡಿ ಗಟ್ಟಿಯಾದುದರಿಂದ ಚಳಿಗಾಲದ ಹಿಮವನ್ನು ಇತರ ಜಾತಿಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಕಣ್ಣು ತಡವಾಗಿ ಒಡೆಯುವುದರಿಂದ ಏಪ್ರಿಲ್ ತಿಂಗಳ ಇಬ್ಬನಿಹಿಮದಿಂದ ಅನೇಕ ವರ್ಷಗಳಲ್ಲಿ ತಪ್ಪಿಸಿಕೊಳ್ಳುತ್ತದೆ. ಆದರೆ ತಡವಾಗಿ ಚಿಗುರಿದ ಬಳ್ಳಿ ತಡವಾಗಿಯೇ ಹಣ್ಣಾಗಬೇಕು. ಕೊಯಿಲು ಅಕ್ಟೋಬರಿನ ಕೊನೆಗೆ, ಹಿಂದೆ ನವೆಂಬರಿಗೂ ಹೋಗುತ್ತಿತ್ತು. ಅಷ್ಟರಲ್ಲಿ ಮಳೆ ಹಿಡಿದರೆ ಕಾಯಿ ಕೊಳೆಯುವುದು. ಚಳಿ ಮುಂದಾಗಿ ಬಂದರೆ ಕಾಯಿ ಹುಳಿಯಾಗಿಯೇ ಉಳಿಯುವುದು. ಆ ಕಷ್ಟವೇ ಇದರ ಗುಣಕ್ಕೂ ಮೂಲ. ಚಳಿಯಲ್ಲಿ ನಿಧಾನವಾಗಿ ಬಲಿತ ಹಣ್ಣಿನಲ್ಲಿ ಸಕ್ಕರೆ ಏರುತ್ತಿದ್ದರೂ ಹುಳಿಯು ಪೂರ್ತಿಯಾಗಿ ಇಳಿಯದೆ ಉಳಿದು, ಮದ್ಯವನ್ನು ದಶಕಗಳವರೆಗೆ ಕೆಡದಂತೆ ಕಾಪಾಡುತ್ತದೆ. ಬಿಸಿ ದೇಶದಲ್ಲಿ ಇದೇ ಹಣ್ಣು ಬೇಗನೆ ಸಿಹಿಯಾಗಿ, ಆ ಹುಳಿಯನ್ನೂ ಪರಿಮಳವನ್ನೂ ಬಹಳಮಟ್ಟಿಗೆ ಕಳೆದುಕೊಳ್ಳುತ್ತದೆ.

ಟ್ರಿಯರಿನ ದೊರೆಯೂ ಧರ್ಮಾಧಿಕಾರಿಯೂ ಆಗಿದ್ದ ಕ್ಲೆಮೆನ್ಸ್ ವೆಂಜೆಸ್ಲಾಸನು 1787ರಲ್ಲಿ, ಹೀನ ಬಳ್ಳಿಗಳನ್ನು ಏಳು ವರ್ಷಗಳೊಳಗೆ ಕಿತ್ತು ಉತ್ತಮ ಬಳ್ಳಿಗಳನ್ನು ನೆಡತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಕಣಿವೆಯಲ್ಲಿ ರೀಸ್ಲಿಂಗ್ ಮುಂದಕ್ಕೆ ಬಂದುದಕ್ಕೆ ಈ ಆಜ್ಞೆಯನ್ನು ಕಾರಣವೆನ್ನುತ್ತಾರೆ. ಹೇರಳವಾಗಿ ಕಾಯುವ ಬಳ್ಳಿಯನ್ನು ಕಿತ್ತು, ಕಡಮೆ ಕಾಯುವ, ತಡವಾಗಿ ಹಣ್ಣಾಗುವ ಬಳ್ಳಿಯನ್ನು ನೆಡುವುದೆಂದರೆ ಬಡ ಒಕ್ಕಲಿಗನಿಗೆ ಸಣ್ಣ ಮಾತಲ್ಲ. ಕೀರ್ತಿಯು ದೊರೆಯದು, ನಷ್ಟದ ಭಯವು ರೈತನದು.

ಆ ಭಯವು ಮುಂದೆ ನಿಜವೂ ಆಯಿತು. 1815ರಲ್ಲಿ ಸೀಮೆಯು ಪ್ರಷ್ಯಕ್ಕೆ ಸೇರಿದ ಮೇಲೆ, ಹೊರಗಿನ ಮದ್ಯಕ್ಕೆ ಸುಂಕ ಬಿದ್ದುದರಿಂದ ಮೋಸೆಲಿನ ಮಾಲಿಗೆ ಬೆಲೆ ಬಂದು, ಜನರು ತೋಟಗಳನ್ನು ಹೆಚ್ಚಿಸಿದರು. 1834ರ ಸುಂಕ ಒಕ್ಕೂಟದಿಂದ ದಕ್ಷಿಣ ಜರ್ಮನಿಯ ಅಗ್ಗದ ಮದ್ಯವು ಸುಂಕವಿಲ್ಲದೆ ಒಳಬಂದಿತು. ಅದರ ಜೊತೆಗೆ ಬೆಳೆ ಕೆಟ್ಟ ವರ್ಷಗಳೂ ಸೇರಿ ಒಕ್ಕಲು ಮನೆಗಳು ಸಾಲದಲ್ಲಿ ಮುಳುಗಿದುವು. ಟ್ರಿಯರಿನಲ್ಲಿಯೇ ಹುಟ್ಟಿದ ಕಾರ್ಲ್ ಮಾರ್ಕ್ಸನು 1843ರ ಜನವರಿಯಲ್ಲಿ ತಾನು ನಡಸುತ್ತಿದ್ದ ಪತ್ರಿಕೆಯಲ್ಲಿ ಈ ಒಕ್ಕಲಿಗರ ಸಂಕಟವನ್ನು ಕುರಿತು ಬರೆದನು; ಆ ವರ್ಷವೇ ಸರ್ಕಾರವು ಪತ್ರಿಕೆಯನ್ನು ನಿಲ್ಲಿಸಿತು. ಶತಮಾನದ ನಡುವಿನಲ್ಲಿ ಟ್ರಿಯರಿನ ಲುಡ್ವಿಗ್ ಗಾಲ್ ಎಂಬಾತನು ಹುಳಿಯಾದ ರಸಕ್ಕೆ ಸಕ್ಕರೆಯ ನೀರನ್ನು ಬೆರಸಿ ಮದ್ಯ ಮಾಡುವ ಕ್ರಮವನ್ನು ಪ್ರಚಾರಪಡಿಸಿದನು. ಶುದ್ಧ ಮದ್ಯದ ಪಕ್ಷದವರು ಇದನ್ನು ಬಹಳವಾಗಿ ಹಳಿದರು. ಆದರೆ ಹಣ್ಣಾಗದ ವರ್ಷಗಳಲ್ಲಿ ಎಷ್ಟೋ ಮನೆಗಳಿಗೆ ಇದರಿಂದ ಒತ್ತಾಸೆಯಾಯಿತು.

ತಡವಾಗಿ ಹಣ್ಣಾಗುವ ಈ ದೋಷವನ್ನು ಹೋಗಲಾಡಿಸಲು ಶಾಸ್ತ್ರಜ್ಞರೂ ಪ್ರಯತ್ನಿಸಿದರು. ಸ್ವಿಟ್ಜರ್ಲೆಂಡಿನ ಥೂರ್ಗೌ ಸೀಮೆಯ ಹೆರ್ಮನ್ ಮ್ಯೂಲರನು 1882ರಲ್ಲಿ ಗೈಸೆನ್‌ಹೈಮಿನ ಸಂಸ್ಥೆಯಲ್ಲಿ ಒಂದು ಮಿಶ್ರತಳಿಯನ್ನು ಹುಟ್ಟಿಸಿದನು. ಅದು ಮ್ಯೂಲರ್-ಥೂರ್ಗೌ ಎಂದೇ ಹೆಸರಾಯಿತು. ಇದನ್ನು ರೀಸ್ಲಿಂಗ್ ಮತ್ತು ಸಿಲ್ವಾನರ್ ಜಾತಿಗಳ ಮಗುವೆಂದು ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. ವಂಶವಾಹಿಗಳ ಪರೀಕ್ಷೆಯಿಂದ ಇನ್ನೊಂದು ಪಾಲು ಮದ್ಲೇನ್ ರೊಯಾಲ್ ಎಂಬ ಜಾತಿಯದೆಂದು ಈಚೆಗೆ ತಿಳಿದುಬಂದಿದೆ. ಇದು ಬೇಗ ಹಣ್ಣಾಗುತ್ತದೆ, ಹೇರಳವಾಗಿ ಕಾಯುತ್ತದೆ, ಸಮನೆಲದಲ್ಲಿಯೂ ಬರುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಹಿಂದೆ ಬೇರೆ ಪೈರುಗಳಿದ್ದ ನದೀದಡದ ತಗ್ಗು ಜಮೀನುಗಳಿಗೂ ಇದು ಹಬ್ಬಿತು. 1971ರ ಕಾಯಿದೆಯು ದರ್ಜೆಯನ್ನು ಮುಖ್ಯವಾಗಿ ರಸದ ತೂಕದಿಂದ, ಎಂದರೆ ಸಕ್ಕರೆಯಿಂದ, ನಿಶ್ಚಯಿಸಿದ್ದೂ ಇಂಥ ತಳಿಗಳಿಗೆ ಅನುಕೂಲವಾಯಿತು. ಈ ತೂಕವನ್ನು ಎಕ್ಸ್‌ಲೆ ಎಂಬಾತನ ಮಾಪಕದಿಂದ ಅಳೆಯುತ್ತಾರೆ. ಒಂದು ಲೀಟರು ರಸವು 1,080 ಗ್ರಾಂ ತೂಗಿದರೆ 80 ಡಿಗ್ರಿ. ಹೊಲ ಯಾವುದು, ಬಳ್ಳಿ ಯಾವುದು ಎಂಬುದನ್ನು ಮಾಪಕವು ಕೇಳುವುದಿಲ್ಲ. 1979ರ ಆರಂಭದ ಕಠಿಣ ಹಿಮದಲ್ಲಿ ತಗ್ಗಿನ ಮ್ಯೂಲರ್-ಥೂರ್ಗೌ ಬಳ್ಳಿಗಳು ಬಹಳವಾಗಿ ಸತ್ತುವು. ಗಟ್ಟಿ ಕಡ್ಡಿಯ ರೀಸ್ಲಿಂಗ್ ಉಳಿದುಕೊಂಡಿತು. ಈಗ ಕಣಿವೆಯ ದ್ರಾಕ್ಷಿ ಜಮೀನಿನ ಸುಮಾರು ಐದರಲ್ಲಿ ಮೂರು ಪಾಲು ರೀಸ್ಲಿಂಗಿನದೇ.

ಈಗಿನ ಸ್ಥಿತಿ

ಹಣ್ಣಾಗುವುದೋ ಇಲ್ಲವೋ ಎಂಬ ಹಳೆಯ ಭಯವು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಹೋಗಿದೆ. ಹವೆಯು ಬಿಸಿಯಾಗುತ್ತಾ ಬಂದಿರುವುದರಿಂದ ಕೊಯಿಲು ವಾರಗಟ್ಟಲೆ ಮುಂಚೆಯೇ ಬರುತ್ತಿದೆ. ಆದರೆ ಬಿಸಿಯಾದ ಮಾರ್ಚಿಯಲ್ಲಿ ಕಣ್ಣುಗಳು ಬೇಗ ಒಡೆಯುವುದರಿಂದ, ತಡವಾಗಿ ಚಿಗುರುವ ರೀಸ್ಲಿಂಗಿಗೂ ಏಪ್ರಿಲ್ ಹಿಮದ ಅಪಾಯ ತಪ್ಪದಾಗಿದೆ. 2017ರ ಮತ್ತು 2024ರ ಏಪ್ರಿಲ್ ಹಿಮಗಳು ಎಳೆಯ ಚಿಗುರುಗಳನ್ನು ಸುಟ್ಟು ದೊಡ್ಡ ನಷ್ಟವನ್ನುಂಟುಮಾಡಿದುವು.

ಇದಕ್ಕಿಂತಲೂ ದೊಡ್ಡ ತೊಂದರೆ ಕೂಲಿಯದು. ಸಮನೆಲದ ತೋಟದಲ್ಲಿ ಯಂತ್ರವು ಮಾಡುವ ಕೆಲಸವನ್ನು ಇಲ್ಲಿ ಕೈಯಿಂದಲೇ ಮಾಡಬೇಕು. ಅದೇ ವಿಸ್ತೀರ್ಣಕ್ಕೆ ಹಲವು ಪಾಲು ಹೆಚ್ಚು ಆಳುಹೊತ್ತು ಹಿಡಿಯುತ್ತದೆ. ಮಳೆಗೆ ಜಾರಿದ ಸ್ಲೇಟನ್ನು ಮತ್ತೆ ಮೇಲಕ್ಕೆ ಹೊರಬೇಕು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು ಕುಸಿದಾಗ ಮತ್ತೆ ಕಟ್ಟಬೇಕು. ಕೆಲವು ಕಡೆ ಒಂದೇ ಕಂಬಿಯ ಮೇಲೆ ಓಡುವ ಸಣ್ಣ ಗಾಡಿಗಳನ್ನು ಹಾಕಿಕೊಂಡಿದ್ದಾರೆ. ಆದರೂ 1990ರ ಸುಮಾರಿಗೆ 12,000 ಹೆಕ್ಟೇರಿನಷ್ಟಿದ್ದ ದ್ರಾಕ್ಷಿ ಜಮೀನು ಈಗ 9,000 ಹೆಕ್ಟೇರಿಗಿಂತ, ಎಂದರೆ ಸುಮಾರು 22,000 ಎಕರೆಗಿಂತ, ಕಡಮೆಯಾಗಿದೆ. ಬಿಟ್ಟವುಗಳಲ್ಲಿ ಅತಿ ಕಡಿದಾದ, ಅಂದರೆ ಹಳೆಯ ಕಾಲಕ್ಕೆ ಅತ್ಯುತ್ತಮವಾಗಿದ್ದ, ತಾಣಗಳೂ ಸೇರಿವೆ.

ಬಿಟ್ಟ ತೋಟವು ಬಿಟ್ಟವನೊಬ್ಬನಿಗೆ ಮಾತ್ರ ಸಂಬಂಧಿಸಿದುದಲ್ಲ. ಸವರುವವರಿಲ್ಲದ ಬಳ್ಳಿಗಳು ಮುಳ್ಳುಪೊದೆಗಳೊಡನೆ ಹೆಣೆದುಕೊಂಡು, ಕಪ್ಪುಕೊಳೆ ಎಂಬ ಬೂಷ್ಟುರೋಗಕ್ಕೆ ಬೀಡಾಗುತ್ತವೆ. ಅಲ್ಲಿಂದ ಅದು ಗಾಳಿ ಮಳೆಗಳೊಡನೆ ನೆರೆಯ ತೋಟಕ್ಕೆ ಹರಡುತ್ತದೆ. ಬೇರನ್ನು ತಿನ್ನುವ ಫಿಲಾಕ್ಸೆರ ಹೇನೂ ಅಂಥ ಬಳ್ಳಿಗಳಲ್ಲಿ ನೆಲಸುವುದುಂಟು. ಸ್ಲೇಟಿನ ನೆಲದಲ್ಲಿ ಅಮೆರಿಕದ ಬೇರುಗಿಡಕ್ಕೆ ಕಸಿಮಾಡದ ಹಳೆಯ ಬಳ್ಳಿಗಳು ಇನ್ನೂ ಉಳಿದಿರುವುದರಿಂದ ಇದು ಹಗುರವಾದ ವಿಷಯವಲ್ಲ. ಆದಕಾರಣ, ಬೇಸಾಯವನ್ನು ಬಿಡುವವನು ಬಳ್ಳಿಗಳನ್ನು ಬೇರುಸಹಿತ ಕಿತ್ತು ನೆಲವನ್ನು ಶುದ್ಧಮಾಡಿ ಬಿಡತಕ್ಕದ್ದೆಂದು ಅಲ್ಲಿ ಕಟ್ಟಳೆಯಿದೆ. ಕೀಳುವುದಕ್ಕೂ ಅದೇ ಗುಡ್ಡವನ್ನು ಹತ್ತಬೇಕಾಗಿರುವುದರಿಂದ, ಕಟ್ಟಳೆಯಂತೆ ನಡೆಯುವವರು ಎಲ್ಲರೂ ಅಲ್ಲ.