ಕಾಯುವ ಕೋಣೆ

ವೈದ್ಯರನ್ನು ಕಾಣಲು ಹೋದವನು ಮೊದಲು ಕಾಣುವುದು ವೈದ್ಯರನ್ನಲ್ಲ, ಅವರ ಹೊರಕೋಣೆಯನ್ನು. ವಕೀಲರ ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ಹೀಗೆಯೇ. ಒಳಗಿರುವವರ ಜಾಣ್ಮೆಯನ್ನು ಅಳೆಯುವ ವಿದ್ಯೆ ಬಂದವನಲ್ಲಿರುವುದಿಲ್ಲ. ಆದುದರಿಂದ ತನಗೆ ಅಳೆಯಲು ಬರುವುದನ್ನೇ ಅವನು ಅಳೆಯುತ್ತಾನೆ. ಕುಳಿತ ಬೆಂಚು ಅಲುಗುತ್ತದೆಯೇ? ಮೂಲೆಯಲ್ಲಿ ಕಸವಿದೆಯೇ? ಕುಡಿಯಲು ನೀರಿದೆಯೇ? ತಾನು ಬಂದುದನ್ನು ಯಾರಾದರೂ ಗಮನಿಸಿದರೇ? ಅಲ್ಲಿ ಮೂಡಿದ ಅಭಿಪ್ರಾಯವನ್ನು ಹೊತ್ತುಕೊಂಡೇ ಅವನು ಒಳಕ್ಕೆ ಕಾಲಿಡುತ್ತಾನೆ.

ನಮ್ಮ ಹಳೆಯ ಜವಳಿ ವರ್ತಕರು ಈ ಮರ್ಮವನ್ನು ಬಲ್ಲವರಾಗಿದ್ದರು. ಅಂಗಡಿಯಲ್ಲಿ ಬಿಳಿಯ ಹಾಸು ಹೊದಿಸಿದ ಗಾದಿ. ಗಿರಾಕಿ ಚಪ್ಪಲಿ ಕಳಚಿ ಅದರ ಮೇಲೆ ಕುಳಿತುಕೊಳ್ಳಬೇಕು. ವರ್ತಕನೂ ಅದೇ ಗಾದಿಯ ಮೇಲೆ. ಮೊದಲು ಕುಶಲ ಪ್ರಶ್ನೆ, ಆಮೇಲೆ ಬಟ್ಟೆಯ ಮಾತು. ಹಾಗೆ ಉಪಚಾರ ಪಡೆದವನಿಗೆ ಬರಿಗೈಯಲ್ಲಿ ಎದ್ದು ಹೋಗಲು ಸಂಕೋಚವಾಗುತ್ತಿತ್ತೆಂಬುದು ವರ್ತಕನಿಗೆ ತಿಳಿಯದ ವಿಷಯವೇನಲ್ಲ!

ಆದರೆ ಬಂದವನಿಗೆ ಬೇರೆ ದಾರಿಯೇ ಇಲ್ಲದಿದ್ದರೆ? ಬ್ರಿಟಿಷರ ಕಾಲದ ರೈಲು ನಿಲ್ದಾಣಗಳೇ ಇದಕ್ಕೆ ಉತ್ತರ. ದಕ್ಷಿಣ ಆಫ್ರಿಕದಿಂದ ಮರಳಿದ ಗಾಂಧೀಜಿಯವರು ಬೇಕೆಂದೇ ಮೂರನೆಯ ತರಗತಿಯಲ್ಲಿ ದೇಶವನ್ನು ಸುತ್ತಿದರು. 1917ರಲ್ಲಿ ಅವರು ಆ ಅನುಭವವನ್ನು ಬರೆದಾಗ, ಇಂದು ಕರ್ನಾಟಕಕ್ಕೆ ಸೇರಿರುವ ರಾಯಚೂರಿನ ಮುಸಾಫಿರಖಾನೆಯನ್ನೂ ಹೆಸರಿಸಿದರು. ಅಂಥ ಕಡೆಗಳಲ್ಲಿ ಶುಚಿತ್ವವಿಲ್ಲ, ಶಿಸ್ತಿಲ್ಲ. ಸಾಕಷ್ಟು ಬೆಂಚುಗಳಿಲ್ಲದೆ ಪ್ರಯಾಣಿಕರು ಕೊಳಕು ನೆಲದ ಮೇಲೆಯೇ ಕುಳಿತು ಉಣ್ಣುತ್ತಿದ್ದರೆಂದು ಅವರು ನೊಂದು ಬರೆದರು. ಅದೇ ರೈಲ್ವೆಯು ಮೇಲಿನ ತರಗತಿಯವರಿಗೆ ಪ್ರತ್ಯೇಕ ಕೋಣೆ, ಕುರ್ಚಿಗಳನ್ನು ಒದಗಿಸುತ್ತಿತ್ತು. ಹಣ ಕೊಟ್ಟು ಟಿಕೀಟು ಕೊಂಡ ಬಡವನಿಗೆ, ತನ್ನನ್ನು ಮನುಷ್ಯನೆಂದು ಎಣಿಸಿಲ್ಲವೆಂಬುದನ್ನು ಗಾಡಿ ಬರುವ ಮೊದಲೇ ಆ ನೆಲ ತಿಳಿಸುತ್ತಿತ್ತು.

ಕಾಯುವಿಕೆಯ ಬೇಸರಕ್ಕೆ ಗಡಿಯಾರವೊಂದೇ ಕಾರಣವಲ್ಲ. ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ. ಸುಮ್ಮನೆ ಕುಳಿತ ಹೊತ್ತು, ಏನನ್ನಾದರೂ ಮಾಡುತ್ತಿರುವ ಹೊತ್ತಿಗಿಂತ ದೀರ್ಘವೆನಿಸುತ್ತದೆ. ಎಷ್ಟು ಕಾಯಬೇಕೆಂದು ತಿಳಿಯದಿದ್ದರೆ ಇನ್ನೂ ದೀರ್ಘ. ಹಿಂದೆ ಬಂದವನು ಮುಂದೆ ಹೋದನೆಂದರಂತೂ ಕೇಳುವುದೇ ಬೇಡ.

ಬೆಂಗಳೂರಿನ ಒಂದು ಉಪಾಹಾರ ಗೃಹದ ಕಥೆ ಇಲ್ಲಿ ನೆನೆಯತಕ್ಕದ್ದು. ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಆ ಸಂಸ್ಥೆ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿ ಬಂದರು. ಅಲ್ಲಿಯ ಶುಚಿತ್ವ ಅವರ ಮನಸ್ಸನ್ನು ಸೆಳೆದಿತ್ತು. ಹಿಂದಿರುಗಿದ ಮೇಲೆ ತಟ್ಟೆ ಲೋಟಗಳನ್ನು ಬಿಸಿ ಹಬೆಯಿಂದ ಶುದ್ಧಿಮಾಡುವ ಕ್ರಮವನ್ನು ತಂದರು. ಅಷ್ಟೇ ಅಲ್ಲ, ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಲು ಅವಕಾಶ ಕೊಟ್ಟರು. ಹೋಟೆಲಿನ ಅಡಿಗೆಮನೆಯೆಂದರೆ ಸಾಮಾನ್ಯವಾಗಿ ಪರದೆಯ ಹಿಂದಿನ ಗುಟ್ಟು. ಆ ಗುಟ್ಟನ್ನೇ ಬಯಲಿಗಿಟ್ಟವರ ಮಾತನ್ನು ನಂಬದವರು ಯಾರು? ಒಲೆಯ ಮೇಲಿನ ದೋಸೆಯನ್ನು ನೋಡುತ್ತ ನಿಂತವನಿಗೆ ತಾನು ಕಾಯುತ್ತಿದ್ದೇನೆಂಬುದೂ ಮರೆತುಹೋಗುತ್ತದೆ.

ರಜಾದಿನಗಳಲ್ಲಿ ಇಂದಿಗೂ ಅಲ್ಲಿ ಜನ ಹೆಸರು ಬರೆಸಿ ಕಾಯುತ್ತಾರೆ. ಹಸಿದ ಮಕ್ಕಳು ಗೊಣಗುವುದುಂಟು. ಆದರೂ ತಮಗಿಂತ ಹಿಂದೆ ಬಂದವರು ತಮ್ಮ ಹಿಂದೆಯೇ ಇದ್ದಾರೆಂಬ ಧೈರ್ಯದಿಂದ, ಹೆಸರು ಕೂಗುವವನ ಬಾಯಿಯನ್ನೇ ನೋಡುತ್ತ ಕುಳಿತಿರುತ್ತಾರೆ.