ನೋವಿನ ಮಾತ್ರೆ ಹೆಚ್ಚಾದಾಗ: ಮೊದಲ ಎಂಟು ಗಂಟೆ

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಈ ವಾರದ ಆರೋಗ್ಯ ಪಾಠ. ವಿಷಯ ಸ್ವಲ್ಪ ಕಹಿ. ಆದರೂ ಪೂರ್ತಿ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.

ಮೊದಲು ನಿಮ್ಮ ಔಷಧಿ ಡಬ್ಬಿ ತೆಗೆದು ನೋಡಿ. ಡೋಲೊ 650 ಇದ್ದೇ ಇರುತ್ತದೆ, ನಮ್ಮ ಬೆಂಗಳೂರಿನ ಕಂಪನಿಯದೇ ಮಾತ್ರೆ ಅದು. ಪಕ್ಕದಲ್ಲಿ ಕ್ರೋಸಿನ್, ಮೈಕೈ ನೋವಿಗೆ ಕಾಂಬಿಫ್ಲಾಮ್, ನೆಗಡಿಗೆ ಸಿನಾರೆಸ್ಟ್. ಹೆಸರು ನಾಲ್ಕು, ಆದರೆ ನಾಲ್ಕರಲ್ಲೂ ಪ್ಯಾರಾಸಿಟಮಾಲ್ ಇದೆ. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನದ ಗರಿಷ್ಠ ಮಿತಿ 4 ಗ್ರಾಂ. ಡೋಲೊ 650 ಆರು ನುಂಗಿದರೆ 3900 ಮಿಲಿಗ್ರಾಂ, ಮಿತಿ ಹೆಚ್ಚುಕಡಿಮೆ ಮುಗಿಯಿತು. ಅದರ ಮೇಲೆ ಎರಡು ಕಾಂಬಿಫ್ಲಾಮ್ ಹಾಕಿಕೊಂಡರೆ ದಾಟಿತು. ಜ್ವರದಲ್ಲಿ ಊಟ ಬಿಟ್ಟವರು, ತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು, ಇವರಿಗೆಲ್ಲ ಮಿತಿ ಇನ್ನೂ ಕಡಿಮೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹೀಗೆ ಮೂರು ನಾಲ್ಕು ದಿನ ಗೊತ್ತಿಲ್ಲದೆ ಹೆಚ್ಚು ನುಂಗಿದರೂ ಲಿವರ್ ಕೆಡಬಹುದು.

ಮಕ್ಕಳ ಔಷಧಿಯಲ್ಲಿ ಎಡವಟ್ಟು ಇನ್ನೂ ಸುಲಭ. ಸಾಮಾನ್ಯ ಸಿರಪ್‌ನ 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುತ್ತದೆ, ಇನ್ನೊಂದು ಬಗೆಯದರಲ್ಲಿ 250. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100. ಊರಿಂದ ತಂದ ಬಾಟಲಿಯ ಅಳತೆಯಲ್ಲಿ ಇಲ್ಲಿ ಕೊಂಡ ಬಾಟಲಿಯ ಔಷಧಿ ಕುಡಿಸಬೇಡಿ. ಪ್ರತಿ ಸಲ ಲೇಬಲ್ ಓದಿ.

ಈಗ ಮುಖ್ಯ ವಿಷಯ. ಯಾರಾದರೂ, ಮರೆತೋ ಬೇಸರದಲ್ಲೋ, ಒಟ್ಟಿಗೆ ಹೆಚ್ಚು ಮಾತ್ರೆ ನುಂಗಿದ್ದಾರೆ ಎಂದುಕೊಳ್ಳಿ. ಮೊದಲ ದಿನ ಅವರು ಚೆನ್ನಾಗಿಯೇ ಇರಬಹುದು. ಸ್ವಲ್ಪ ವಾಕರಿಕೆ, ಬೆವರು, ಅಷ್ಟೇ. ಕೆಲವರಿಗೆ ಅದೂ ಇರುವುದಿಲ್ಲ. ಮೋಸ ಇರುವುದೇ ಇಲ್ಲಿ. ಪ್ಯಾರಾಸಿಟಮಾಲ್‌ನ ಒಂದು ಭಾಗ ಲಿವರ್‌ನಲ್ಲಿ ವಿಷವಾಗಿ ಮಾರ್ಪಡುತ್ತದೆ. ಅದನ್ನು ತಟಸ್ಥಗೊಳಿಸಲು ಲಿವರ್ ಬಳಿ ಗ್ಲುಟಾಥಯೋನ್ ಎಂಬ ದಾಸ್ತಾನು ಇದೆ. ದಾಸ್ತಾನು ಖಾಲಿಯಾದ ಮೇಲೆ ವಿಷ ಲಿವರ್‌ನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ. ಎರಡನೇ ಮೂರನೇ ದಿನಕ್ಕೆ ಬಲಪಕ್ಕೆಯ ಕೆಳಗೆ ನೋವು, ಆಮೇಲೆ ಕಣ್ಣು ಹಳದಿ, ಮಂಪರು, ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು.

ಇದಕ್ಕೆ ಒಳ್ಳೆಯ ಪ್ರತಿವಿಷ ಇದೆ, ಹೆಸರು ಎನ್-ಅಸಿಟೈಲ್ ಸಿಸ್ಟೀನ್. ಕಫ ಕರಗಿಸಲು ಕೊಡುವ ಔಷಧಿಯೇ ಇದು, ಹೊಸದೇನಲ್ಲ. 1970ರ ದಶಕದಿಂದ ಬಳಕೆಯಲ್ಲಿದೆ. ನುಂಗಿದ ಎಂಟು ಗಂಟೆಯೊಳಗೆ ಶುರುವಾದರೆ ಲಿವರ್ ಬಹುಪಾಲು ಪೂರ್ತಿ ಉಳಿಯುತ್ತದೆ. ತಡವಾದರೂ ಉಪಯೋಗ ಇದೆ, ಆದ್ದರಿಂದ ‘ಟೈಮ್ ಮುಗಿಯಿತು’ ಎಂದು ಕೈಚೆಲ್ಲಬೇಡಿ.

ಊರು ಬಿಟ್ಟು ಬಂದವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಇಂಥ ಸಮಯದಲ್ಲಿ ‘ಊರಿಗೆ ಕರಕೊಂಡು ಹೋಗಿ ನಮ್ಮ ಡಾಕ್ಟರಿಗೇ ತೋರಿಸೋಣ’ ಎಂದು ರೈಲು ಹತ್ತಬೇಡಿ. ಅಹಮದಾಬಾದಿನಿಂದ ಬೆಂಗಳೂರಿಗೆ ಒಂದು ದಿನಕ್ಕೂ ಹೆಚ್ಚು ಬೇಕು. ಆ ಹೊತ್ತಿನಲ್ಲೇ ಲಿವರ್ ಹೋಗುವುದು. 108ಕ್ಕೆ ಫೋನ್ ಮಾಡಿ. ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರಾದ ಎಸ್‌ಎಸ್‌ಜಿ, ಸೂರತ್‌ನ ನ್ಯೂ ಸಿವಿಲ್ ಅಥವಾ ಸ್ಮಿಮೇರ್, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಗುಜರಾತಿ ಬಾರದಿದ್ದರೆ ಇಷ್ಟು ಹೇಳಿ: ‘ದವಾ ವಧಾರೇ ಖಾಈ ಲೀಧೀ ಛೇ’, ಔಷಧಿ ಹೆಚ್ಚು ನುಂಗಿದ್ದಾರೆ ಎಂದರ್ಥ. ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ, ನುಂಗಿದ ಸಮಯ ಬರೆದಿಡಿ. ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುವುದು ನಾಲ್ಕು ಗಂಟೆ ಕಳೆದ ಮೇಲೆ, ಹಾಗಾಗಿ ಸಮಯ ಗೊತ್ತಿದ್ದರೆ ವೈದ್ಯರ ಕೆಲಸ ಸುಲಭ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೂ ಉಚಿತವಾಗಿ ಕರೆ ಮಾಡಬಹುದು: 1800 116 117.

ನಾಚಿಕೆಗೆ, ಪೊಲೀಸರ ಭಯಕ್ಕೆ ‘ಗ್ಯಾಸ್ ಆಗಿದೆ’ ಎಂದು ಸುಳ್ಳು ಹೇಳುವ ಮನೆಗಳಿವೆ. ಸುಳ್ಳು ಹೇಳಿದರೆ ಪ್ರತಿವಿಷ ಸಿಗುವುದಿಲ್ಲ, ಅಷ್ಟೇ ಲಾಭ! 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ನೋಡಬೇಕು, ಶಿಕ್ಷಿಸುವಂತಿಲ್ಲ. ಹಳೆಯ 309ನೇ ಕಲಂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ ಎಂದು ಬರೆದುಕೊಳ್ಳಬಹುದು. ಅದು ಅವರ ಕ್ರಮ, ಹೆದರಬೇಡಿ.

ಚಿಕಿತ್ಸೆ ಹೇಗಿರುತ್ತದೆ? ಡ್ರಿಪ್‌ನಲ್ಲಿ ಸಾಮಾನ್ಯವಾಗಿ 21 ಗಂಟೆ ಪ್ರತಿವಿಷ ಹೋಗುತ್ತದೆ. ಮೈ ಕೆಂಪಾಗಿ ತುರಿಸಬಹುದು, ಉಸಿರು ಸ್ವಲ್ಪ ಕಟ್ಟಬಹುದು. ನರ್ಸಮ್ಮನಿಗೆ ಕೂಡಲೇ ಹೇಳಿ. ಔಷಧಿ ಕೊಟ್ಟು ಡ್ರಿಪ್ ನಿಧಾನ ಮಾಡುತ್ತಾರೆ, ಸಾಮಾನ್ಯವಾಗಿ ಪೂರ್ತಿ ನಿಲ್ಲಿಸಬೇಕಾಗುವುದಿಲ್ಲ. ‘ಆರಾಮ ಇದ್ದಾರಲ್ಲ’ ಎಂದು ಸಹಿ ಹಾಕಿ ಮನೆಗೆ ಕರೆತರಬೇಡಿ. ಲಿವರ್ ಕಿಣ್ವ, ಐಎನ್‌ಆರ್, ಕ್ರಿಯಾಟಿನಿನ್ ಮತ್ತೆ ಮತ್ತೆ ನೋಡಬೇಕು. ನಾಲ್ಕೈದು ದಿನ ದಾಟಿದವರಲ್ಲಿ ಲಿವರ್ ಚೇತರಿಸಿಕೊಳ್ಳತೊಡಗುತ್ತದೆ. ಕೆಲವೇ ವಾರಗಳಲ್ಲಿ ಹೆಚ್ಚಿನವರದು ಮೊದಲಿನಂತಾಗುತ್ತದೆ, ಗಾಯದ ಗುರುತೂ ಉಳಿಯುವುದಿಲ್ಲ. ದೇಹದೊಳಗೆ ಹೀಗೆ ಮತ್ತೆ ಬೆಳೆಯುವ ಇಂಥ ಅಂಗ ಇನ್ನೊಂದಿಲ್ಲ. ಕೆಲವರಿಗೆ ಮಾತ್ರ ಲಿವರ್ ಕಸಿ ಬೇಕಾಗುತ್ತದೆ.

ಕಾಂಬಿಫ್ಲಾಮ್‌ನಲ್ಲಿರುವ ಐಬುಪ್ರೊಫೇನ್, ಹಾಗೆಯೇ ಡೈಕ್ಲೊಫೆನಾಕ್ ಹೆಚ್ಚಾದರೆ ಪೆಟ್ಟು ಹೊಟ್ಟೆಗೆ, ಕಿಡ್ನಿಗೆ. ಇಲ್ಲಿನ ಮೇ ತಿಂಗಳ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ಇವನ್ನು ನುಂಗುವುದು ಕಿಡ್ನಿಗೆ ದುಪ್ಪಟ್ಟು ಹೊರೆ. ಮಲ ಕಪ್ಪಾದರೆ ತಡಮಾಡಬೇಡಿ. ಟ್ರಮಡಾಲ್ ಬೆರೆತ ಮಾತ್ರೆ ಹೆಚ್ಚಾದರೆ ಫಿಟ್ಸ್ ಬರಬಹುದು, ಉಸಿರು ನಿಧಾನವಾಗಬಹುದು. ಅಂಥವರನ್ನು ‘ಮಲಗಿ ಏಳಲಿ’ ಎಂದು ಬಿಡಬಾರದು.

ಮನೆಗೆ ಬಂದ ಮೇಲೆ ಸಾದಾ ಊಟ, ವಿಶ್ರಾಂತಿ. ಮದ್ಯ ಬೇಡ, ಕಾಮಾಲೆಯ ನಾಟಿ ಮದ್ದೂ ಬೇಡ, ಸುಧಾರಿಸುತ್ತಿರುವ ಲಿವರ್‌ಗೆ ಅದು ಹೊಸ ಕೆಲಸ. ವೈದ್ಯರು ಹೇಳುವವರೆಗೆ ಪ್ಯಾರಾಸಿಟಮಾಲ್ ಮುಟ್ಟಬೇಡಿ. ಮುಂದಿನ ರಕ್ತಪರೀಕ್ಷೆಯ ತಾರೀಕು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬೇಸರದಲ್ಲಿ ನುಂಗಿದವರಾದರೆ ಕೆಲವು ವಾರ ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ಬೀಗದೊಳಗಿಡಿ, ಬೈಯಬೇಡಿ. ‘ಮತ್ತೆ ಹಾಗೆ ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ಪರಭಾಷೆಯ ಊರಲ್ಲಿ ಮನಸ್ಸಿನ ಮಾತು ಆಡುವುದು ಕಷ್ಟ, ಗೊತ್ತು. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.